ಗಿಣ್ಣಿನಲ್ಲಿ ಕರುವಿನ ಪಾಲು

ಹಸು ಕರು ಹಾಕಿತೆಂಬ ಸುದ್ದಿ ನೆರೆಮನೆಗೆ ತಲುಪುವುದು ಹೆಚ್ಚಾಗಿ ಬಟ್ಟಲಿನಲ್ಲಿ. ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ, ಹಬೆಯಲ್ಲಿ ಬೇಯಿಸಿ, ಆರಿದ ಮೇಲೆ ಚಾಕುವಿನಿಂದ ಗೆರೆ ಎಳೆದು ತೆಗೆದ ನಾಲ್ಕು ತುಂಡು ಗಿಣ್ಣು ಕೈಗೆ ಬಂತೆಂದರೆ ‘ಏನು ಕರು, ಹೆಣ್ಣೋ ಗಂಡೋ?’ ಎಂಬ ಪ್ರಶ್ನೆ ತಾನಾಗಿ ಹೊರಡುತ್ತದೆ. ಗಿಣ್ಣನ್ನು ಹಂಚಬೇಕು, ಮಾರಬಾರದು ಎಂಬ ಕಟ್ಟುಪಾಡು ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿದೆ. ಪೇಟೆಯ ಪಾಡು ಬೇರೆ. ಅಲ್ಲಿ ಅದು ದುಡ್ಡಿಗೆ ಸಿಗುವ ತಿನಿಸು. ಸಿಗದ ದಿನ ಹಾಲಿಗೆ ಚೈನಾಗ್ರಾಸ್ ಬೆರೆಸಿ ಗಿಣ್ಣಿನ ವೇಷ ಹಾಕಿಸುವವರೂ ಇದ್ದಾರೆ. ಅಸಲಿಗೂ ವೇಷಕ್ಕೂ ಇರುವ ವ್ಯತ್ಯಾಸ ನಮಗೆ ನಾಲಿಗೆಯ ವಿಷಯ. ಕೊಟ್ಟಿಗೆಯಲ್ಲಿ ಇನ್ನೂ ಮೈ ಒಣಗದೆ ತಡವರಿಸಿ ನಿಂತ ಕರುವಿಗೆ ಅದು ಬದುಕಿನ ವಿಷಯ.

ಸಾಮಾನ್ಯ ಹಾಲನ್ನು ಎಷ್ಟು ಕಾಯಿಸಿದರೂ ಅದು ಕೆನೆಗಟ್ಟುತ್ತದೆ, ಬತ್ತಿ ಖೋವಾ ಆಗುತ್ತದೆಯೇ ಹೊರತು ಇಡ್ಲಿಯಂತೆ ಕೂರುವುದಿಲ್ಲ. ಒಡೆಯಬೇಕಾದರೆ ಹುಳಿ ಬೇಕು, ಮೊಸರಾಗಬೇಕಾದರೆ ಹೆಪ್ಪು ಬೇಕು. ಗಿಣ್ಣಿನ ಹಾಲಿಗೆ ಇವು ಯಾವುವೂ ಬೇಡ. ಬಿಸಿ ತಾಗಿದರೆ ಸಾಕು, ಕೋಳಿಮೊಟ್ಟೆಯ ಬಿಳಿಯಂತೆ ತಾನೇ ಗಟ್ಟಿಯಾಗುತ್ತದೆ. ಮೊದಲ ದಿನದ ಹಾಲಿಗೆ ಮಾಮೂಲು ಹಾಲು ಬೆರೆಸದಿದ್ದರೆ ಗಿಣ್ಣು ರಬ್ಬರಿನಂತಾಗುತ್ತದೆ, ಮೂರನೆಯ ದಿನದ ಹಾಲಿಗೆ ಬೆರೆಸಿದರೆ ಗಟ್ಟಿಯಾಗುವುದೇ ಇಲ್ಲ ಎಂಬ ಲೆಕ್ಕ ಅಡುಗೆಮನೆಯ ಹೆಂಗಸರಿಗೆ ಯಾವ ಪ್ರಯೋಗಾಲಯದ ನೆರವೂ ಇಲ್ಲದೆ ಗೊತ್ತಿದೆ. ಹಾಲಿನ ಡೇರಿಯವರು ಕರು ಹಾಕಿದ ಮೊದಲ ಕೆಲವು ದಿನಗಳ ಹಾಲನ್ನು ಬೇಡವೆನ್ನುವುದೂ ಇದೇ ಕಾರಣಕ್ಕೆ. ಒಂದು ಕ್ಯಾನಿನ ಗಿಣ್ಣು ಸೇರಿದರೆ ಹಾಲು ಕಾಯಿಸುವ ಯಂತ್ರದೊಳಗೇ ಹೆಪ್ಪುಗಟ್ಟಿ ಕೂರುತ್ತದೆ.

ಹೀಗೆ ಗಟ್ಟಿಯಾಗುವುದು ಹಾಲಿನಲ್ಲಿರುವ ಪ್ರೋಟೀನು. ಹಸುವಿನ ಮಾಮೂಲು ಹಾಲಿನಲ್ಲಿ ಅದು ನೂರಕ್ಕೆ ಮೂರು ಚಿಲ್ಲರೆ ಪಾಲು ಇರುತ್ತದೆ. ಕರು ಹಾಕಿದ ಕೂಡಲೇ ಕರೆದ ಹಾಲಿನಲ್ಲಿ ನೂರಕ್ಕೆ 14ರ ಆಸುಪಾಸು. ಈ ಹೆಚ್ಚಳದ ದೊಡ್ಡ ಭಾಗ ಪ್ರತಿಕಾಯಗಳು, ಅಂದರೆ ತಾಯಿಹಸು ತನ್ನ ಬದುಕಿನಲ್ಲಿ ಎದುರಿಸಿ ಗೆದ್ದ ರೋಗಾಣುಗಳಿಗೆ ಪ್ರತಿಯಾಗಿ ಅದರ ಮೈ ತಯಾರಿಸಿಟ್ಟುಕೊಂಡ ರಕ್ಷಣಾ ಪ್ರೋಟೀನುಗಳು. ಕರು ಹಾಕುವ ಮುಂಚಿನ ಕೆಲವು ವಾರಗಳಲ್ಲಿ ಅವು ತಾಯಿಯ ರಕ್ತದಿಂದ ಬಸಿದು ಕೆಚ್ಚಲಿಗೆ ಬಂದು ಶೇಖರವಾಗುತ್ತವೆ. ಎರಡನೆಯ ಸಲ ಕರೆಯುವ ಹೊತ್ತಿಗೇ ಅವುಗಳ ಪ್ರಮಾಣ ಬಹಳ ಇಳಿದಿರುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹಾಲು ಹಾಲಾಗುತ್ತದೆ. ನಮ್ಮ ಬಟ್ಟಲಿನಲ್ಲಿ ಗಿಣ್ಣನ್ನು ಬಿಗಿಯಾಗಿ ಹಿಡಿದಿಡುವ ವಸ್ತು ಬಹುಮಟ್ಟಿಗೆ ಈ ರಕ್ಷಣೆಯೇ ಎಂಬುದು ಗಮನಿಸತಕ್ಕ ಸಂಗತಿ.

ಇದು ಕರುವಿಗೆ ಏಕೆ ಅಷ್ಟು ಮುಖ್ಯ? ಮನುಷ್ಯರ ಮಗುವಿಗೂ ಕರುವಿಗೂ ಹುಟ್ಟಿನಲ್ಲೇ ಒಂದು ದೊಡ್ಡ ಅಂತರವಿದೆ. ಗರ್ಭದಲ್ಲಿರುವ ಮಗುವಿಗೂ ತಾಯಿಗೂ ನಡುವೆ ಇರುವ ಮಾಸು ನಮ್ಮಲ್ಲಿ ಬಹಳ ತೆಳುವಾದ ತಡಿಕೆ. ತಾಯಿಯ ಪ್ರತಿಕಾಯಗಳು ಅದರ ಮೂಲಕ ಮಗುವಿನ ರಕ್ತಕ್ಕೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಧಾರಾಳವಾಗಿ ದಾಟುತ್ತವೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಈ ಬಗೆಯ ಪ್ರತಿಕಾಯಗಳು ತಾಯಿಯಲ್ಲಿ ಇರುವಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚು ಇರುತ್ತವೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಸೋಂಕು ಬೇಗ ತಗಲುವುದಕ್ಕೆ ಈ ಬುತ್ತಿ ಅರ್ಧಕ್ಕೇ ನಿಂತುಹೋಗುವುದೂ ಒಂದು ಕಾರಣ. ಹಸು, ಎಮ್ಮೆ, ಕುರಿ, ಆಡುಗಳ ಮಾಸಿನಲ್ಲಿ ಪದರಗಳು ಹೆಚ್ಚು. ಆಹಾರ ದಾಟುತ್ತದೆ, ಪ್ರತಿಕಾಯ ದಾಟುವುದಿಲ್ಲ. ಆದ್ದರಿಂದ ಕರು ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯಗಳು ಇಲ್ಲವೆಂದೇ ಹೇಳಬೇಕು. ಸಗಣಿ, ಗಂಜಲ, ನೊಣಗಳ ನಡುವೆ ಅದು ಬರಿಗೈಯಲ್ಲಿ ಬಂದು ಬೀಳುತ್ತದೆ.

ಗರ್ಭದಲ್ಲಿ ದೊರೆಯದ್ದನ್ನು ಪ್ರಕೃತಿ ಕೆಚ್ಚಲಿನಲ್ಲಿ ಇಟ್ಟಿದೆ. ಆದರೆ ಅದಕ್ಕೊಂದು ಗಡುವನ್ನೂ ಇಟ್ಟಿದೆ. ಮಾಮೂಲಾಗಿ ಹೊಟ್ಟೆಗೆ ಹೋದ ಪ್ರೋಟೀನು ಜೀರ್ಣವಾಗಿ ಚೂರುಚೂರಾಗುತ್ತದೆ. ಇಡಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಹುಟ್ಟಿದ ಕೆಲವು ತಾಸುಗಳ ಕಾಲ ಮಾತ್ರ ಕರುವಿನ ಕರುಳು ಈ ನಿಯಮಕ್ಕೆ ಹೊರತು. ಪ್ರತಿಕಾಯಗಳನ್ನು ಇದ್ದ ಹಾಗೆಯೇ ಹೀರಿ ರಕ್ತಕ್ಕೆ ಸಾಗಿಸುತ್ತದೆ. ಮೊದಲ 6 ತಾಸು ಈ ಬಾಗಿಲು ಚೆನ್ನಾಗಿ ತೆರೆದಿರುತ್ತದೆ, ಆಮೇಲೆ ಬೇಗಬೇಗ ಮುಚ್ಚುತ್ತಾ 24 ತಾಸು ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಮರುದಿನ ಬಕೆಟ್ಟುಗಟ್ಟಲೆ ಗಿಣ್ಣು ಕುಡಿಸಿದರೂ ಅದು ಆಹಾರವಾದೀತು, ಕರುಳಿನೊಳಗೆ ಕೊಂಚ ಕಾವಲೂ ಆದೀತು. ರಕ್ತಕ್ಕೆ ಸೇರುವ ಹೊತ್ತು ಮೀರಿರುತ್ತದೆ.

ಇಲ್ಲಿ ನಮ್ಮ ಹಳ್ಳಿಗಳ ಒಂದು ಹಳೆಯ ನಂಬಿಕೆ ಅಡ್ಡ ಬರುತ್ತದೆ. ಹಸುವಿನ ಸತ್ತೆ ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು, ಬಿಟ್ಟರೆ ಸತ್ತೆ ಒಳಗೇ ಉಳಿಯುತ್ತದೆ ಎಂದು ನಂಬುವವರು ಬಹಳ. ಕೆಲವು ಕಡೆ ಇದನ್ನು ಕಸ ಬೀಳುವುದು ಎನ್ನುತ್ತಾರೆ. ಆರೋಗ್ಯವಂತ ಹಸುವಿನಲ್ಲೂ ಕಸ ಬೀಳಲು ಹಲವು ತಾಸು ಹಿಡಿಯಬಹುದು, ಕೆಲವೊಮ್ಮೆ ಅರ್ಧ ದಿನವೇ ಕಳೆಯಬಹುದು. ರಾತ್ರಿ ಹತ್ತಕ್ಕೆ ಹುಟ್ಟಿದ ಕರುವನ್ನು ಬೆಳಗಿನವರೆಗೆ ಗೂಟಕ್ಕೆ ಕಟ್ಟಿದರೆ ಆ ಬಾಗಿಲು ಮುಚ್ಚುತ್ತಾ ಬಂದಿರುತ್ತದೆ. ವಿಚಿತ್ರವೆಂದರೆ ನಂಬಿಕೆಯ ತರ್ಕ ಸಂಪೂರ್ಣ ತಿರುವುಮುರುವು. ಕರು ಕೆಚ್ಚಲನ್ನು ಗುದ್ದಿ ಚೀಪಿದಾಗ ಹಸುವಿನ ಮೈಯಲ್ಲಿ ಹಾಲಿಳಿಸುವ ರಸದೂತವೊಂದು ಸ್ರವಿಸುತ್ತದೆ. ಗರ್ಭಕೋಶವನ್ನು ಹಿಂಡುವುದೂ ಅದೇ ರಸದೂತ. ಅಂದರೆ ಕರು ಬೇಗ ಕುಡಿದಷ್ಟೂ ಸತ್ತೆ ಬೀಳಲು ಅನುಕೂಲ. ಇಂತಹ ನಂಬಿಕೆ ಹೇಗೆ ಹುಟ್ಟಿತೋ ಊಹಿಸುವುದು ಕಷ್ಟವಲ್ಲ. ಸತ್ತೆ ಉಳಿದ ಹಸು ನರಳುವುದು ಕಣ್ಣಿಗೆ ಕಾಣುತ್ತದೆ. ಹದಿನೈದು ದಿನದ ಮೇಲೆ ಬೇಧಿಯಿಂದ ಸತ್ತ ಕರುವಿಗೂ ಮೊದಲ ರಾತ್ರಿಗೂ ಇರುವ ಸಂಬಂಧ ಯಾರ ಕಣ್ಣಿಗೂ ಕಾಣುವುದಿಲ್ಲ. ‘ಕರುವಿನ ಆಯುಷ್ಯ ಇಷ್ಟೇ ಇತ್ತು’ ಎಂದು ಸುಮ್ಮನಾಗುತ್ತೇವೆ.

ವಿಜ್ಞಾನಕ್ಕೂ ಈ ಸಂಬಂಧ ಕಂಡದ್ದು ತೀರ ಹಿಂದೇನಲ್ಲ. ತಾಯಿಯ ರೋಗರಕ್ಷಣೆ ಹಾಲಿನ ಮೂಲಕ ಮರಿಗೆ ಹೋಗಬಲ್ಲುದೆಂದು ಮೊದಲು ತೋರಿಸಿದವನು ಜರ್ಮನಿಯ ಪಾಲ್ ಎರ್ಲಿಕ್. ಅವನು ಪ್ರಯೋಗಕ್ಕೆ ಆರಿಸಿಕೊಂಡ ವಿಷಗಳು ನಮಗೆ ಅಪರಿಚಿತವಲ್ಲ. ಒಂದು ಹರಳುಬೀಜದ ವಿಷ, ಇನ್ನೊಂದು ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿಯ ವಿಷ. ಇಲಿಗಳಿಗೆ ಇವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ತಿನ್ನಿಸಿ, ಕೊಲ್ಲುವ ಪ್ರಮಾಣವನ್ನೂ ತಾಳಿಕೊಳ್ಳುವಂತೆ ಮಾಡಿದ. ಬಳಿಕ 1892ರ ಸುಮಾರಿಗೆ ಒಂದು ಜಾಣ ಅದಲುಬದಲು ನಡೆಸಿದ. ವಿಷ ತಾಳುವ ತಾಯಿಲಿಯ ಮರಿಗಳನ್ನು ಸಾಮಾನ್ಯ ಇಲಿಯ ಹಾಲಿಗೂ, ಸಾಮಾನ್ಯ ಇಲಿಯ ಮರಿಗಳನ್ನು ವಿಷ ತಾಳುವ ಇಲಿಯ ಹಾಲಿಗೂ ಬಿಟ್ಟ. ಹೆತ್ತವಳು ಬೇರೆಯಾದರೂ ರಕ್ಷಣೆಯುಳ್ಳ ಸಾಕುತಾಯಿಯ ಹಾಲು ಕುಡಿದ ಮರಿಗಳು ವಿಷವನ್ನು ತಾಳಿಕೊಂಡವು. ತಂದೆಯಿಲಿ ಎಷ್ಟೇ ಗಟ್ಟಿಯಾಗಿದ್ದರೂ ಮರಿಗೆ ಅದರಿಂದ ಬಂದದ್ದು ಏನೂ ಇರಲಿಲ್ಲ. ಮುಂದೆ 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಎರ್ಲಿಕ್ ಇನ್ನೊಂದನ್ನೂ ಗುರುತಿಸಿದ್ದ. ಹೀಗೆ ಬಂದ ರಕ್ಷಣೆ ಕಾಯಂ ಅಲ್ಲ, ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ.

ಕರುಗಳ ಮೇಲಿನ ನಿರ್ಣಾಯಕ ಪ್ರಯೋಗ ನಡೆದದ್ದು ಮೂವತ್ತು ವರ್ಷಗಳ ಅನಂತರ, ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ. ಉಣ್ಣೆಗಳಿಂದ ದನಗಳಿಗೆ ಜ್ವರ ಹರಡುತ್ತದೆಂದು 1893ರಲ್ಲೇ ಸಾಧಿಸಿ ಹೆಸರಾಗಿದ್ದ ಥಿಯೊಬಾಲ್ಡ್ ಸ್ಮಿತ್ 1922ರಲ್ಲಿ ರಾಲ್ಫ್ ಲಿಟ್ಲ್‌ನೊಡನೆ ಸೇರಿ ಎರಡು ಗುಂಪು ಕರುಗಳನ್ನು ಸಾಕಿದ. ಒಂದಕ್ಕೆ ಗಿಣ್ಣು ಸಿಕ್ಕಿತು, ಇನ್ನೊಂದಕ್ಕೆ ಬರೀ ಹಾಲು. ಗಿಣ್ಣು ಕುಡಿದವು ಬದುಕಿದವು, ಕುಡಿಯದವುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಕೊಂದದ್ದು ಯಾವುದೋ ಭಯಂಕರ ಮಾರಿಯಲ್ಲ, ಎಲ್ಲ ದನಗಳ ಕರುಳಿನಲ್ಲಿ ಸದಾ ಇರುವ ಸಾಮಾನ್ಯ ಕೋಲಿ ರೋಗಾಣು. ರಕ್ಷಣೆಯಿದ್ದ ಮೈಗೆ ಅದು ನೆರೆಮನೆಯವನು, ಇಲ್ಲದ ಮೈಗೆ ದರೋಡೆಕೋರ.

ಹಾಗಾದರೆ ಗಿಣ್ಣು ತಿನ್ನುವುದು ಪಾಪವೇ? ಅಷ್ಟು ದೂರ ಹೋಗಬೇಕಾಗಿಲ್ಲ. ಪಶುವೈದ್ಯರು ಹೇಳುವ ಲೆಕ್ಕ ಸರಳವಾಗಿದೆ. ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು ಗಿಣ್ಣು ಅದರ ಹೊಟ್ಟೆಗೆ ಮೊದಲು ಹೋಗಬೇಕು. ಆದಷ್ಟೂ ಮಟ್ಟಿಗೆ ಮೊದಲ ಎರಡು ತಾಸಿನೊಳಗೆ ಕುಡಿಯಲು ತೊಡಗಬೇಕು. 25 ಕಿಲೊ ತೂಗುವ ಕರುವಿಗೆ ಎರಡೂವರೆ ಲೀಟರ್. ಒಂದೇ ಸಲಕ್ಕೆ ಕುಡಿಯದಿದ್ದರೆ ಎರಡು ಮೂರು ಸಲ, ಆದರೆ ಆ 6 ತಾಸಿನ ಒಳಗೆ. ಮಿಶ್ರತಳಿಯ ಹಸು ಇಷ್ಟು ಕೊಟ್ಟ ಮೇಲೂ ಮನೆಗೆ, ನೆರೆಗೆ ಸಾಕಾಗುವಷ್ಟು ಮಿಗಿಸುತ್ತದೆ. ನಾಟಿ ಹಸುವಿನ ಮಾತು ಬೇರೆ. ಅದರ ಕೆಚ್ಚಲಿನಲ್ಲಿ ಇರುವುದೇ ಅಷ್ಟು. ಮೊದಲ ಕರೆತವನ್ನು ಪೂರ್ತಿ ಕರುವಿಗೆ ಬಿಟ್ಟು, ಎರಡನೆಯದರಿಂದ ಗಿಣ್ಣು ಮಾಡಿದರೆ ಮಾಮೂಲು ಹಾಲನ್ನು ಕಡಿಮೆ ಬೆರೆಸಿದರಾಯಿತು. ರುಚಿಗೇನೂ ಕೊರತೆಯಿಲ್ಲ. ಗಂಡುಕರುವಿನ ಪಾಡು ಮಾತ್ರ ಈ ಲೆಕ್ಕಕ್ಕೆ ಸಿಗದು. ಟ್ರ್ಯಾಕ್ಟರು, ಟಿಲ್ಲರು ಬಂದ ಮೇಲೆ ಮಿಶ್ರತಳಿಯ ಗಂಡುಕರುವಿಗೆ ಕೊಟ್ಟಿಗೆಯಲ್ಲಿ ಕೆಲಸವಿಲ್ಲ. ಅದಕ್ಕೆ ಗಿಣ್ಣು ಕುಡಿಸಲು ಯಾರೂ ರಾತ್ರಿ ಎದ್ದು ಕೂರುವುದಿಲ್ಲ. ಇದು ಅಜ್ಞಾನದ ಪ್ರಶ್ನೆಯಲ್ಲ, ಲೆಕ್ಕಾಚಾರದ್ದು. ಕಣ್ಮುಚ್ಚಿ ನಡೆಯುವ ಈ ಲೆಕ್ಕಾಚಾರದ ಬಗ್ಗೆ ಗೋವಿನ ಹೆಸರಿನಲ್ಲಿ ಮಾತಾಡುವವರೂ ಹೆಚ್ಚು ಮಾತಾಡಿದ್ದು ಕಡಿಮೆ.

ಮನುಷ್ಯರ ಮೊದಲ ಹಾಲಿನ ಕಥೆ ಇದಕ್ಕಿಂತ ತುಂಬ ಭಿನ್ನವೇನಲ್ಲ. ಬಾಣಂತಿಯ ಮೊದಲ ಹಳದಿ ಹಾಲು ಕೆಟ್ಟದ್ದು, ಹಳಸಿದ್ದು, ಮಗುವಿಗೆ ಜೀರ್ಣವಾಗದ್ದು ಎಂದು ಹಿಂಡಿ ಚೆಲ್ಲುವ ರೂಢಿ ನಮ್ಮಲ್ಲಿ ಬೇರೂರಿತ್ತು. ಬದಲಿಗೆ ಜೇನು, ಸಕ್ಕರೆ ನೀರು, ಹರಳೆಣ್ಣೆಯ ತೊಟ್ಟು, ಕೆಲವು ಕಡೆ ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬರುವವರಿಂದ ಕೊಂಡ ಕತ್ತೆಹಾಲು. ಹಸುವಿನ ಗಿಣ್ಣನ್ನು ಅಮೃತವೆಂದು ನಾವು ಕಸಿದು ತಿಂದೆವು, ಹೆಂಗಸಿನ ಗಿಣ್ಣನ್ನು ವಿಷವೆಂದು ಚೆಲ್ಲಿದೆವು. ಎರಡೂ ಕಡೆ ನಷ್ಟವಾದದ್ದು ಎಳೆಯ ಜೀವಕ್ಕೆ. ಮಗುವಿಗೆ ರಕ್ತದ ರಕ್ಷಣೆ ಗರ್ಭದಲ್ಲೇ ಬಂದಿರುವುದರಿಂದ ಗಿಣ್ಣು ತಪ್ಪಿದ ಕರುವಿನಷ್ಟು ಅಪಾಯ ಅದಕ್ಕಿಲ್ಲ, ನಿಜ. ಆದರೆ ತಾಯಿಯ ಆ ಕೆಲವೇ ಚಮಚ ಹಳದಿ ಹಾಲಿನಲ್ಲಿರುವ ಬೇರೊಂದು ಬಗೆಯ ಪ್ರತಿಕಾಯ ರಕ್ತಕ್ಕೆ ಹೋಗದೆ ಮಗುವಿನ ಗಂಟಲು, ಕರುಳುಗಳ ಒಳಮೈಗೆ ಬಣ್ಣ ಬಳಿದಂತೆ ಅಂಟಿಕೊಂಡು ರೋಗಾಣುಗಳು ನೆಲೆಯೂರದಂತೆ ತಡೆಯುತ್ತದೆ. ಬೇಧಿ ತಡೆಯುವ ಔಷಧಿಗಳಲ್ಲಿ ಇದಕ್ಕಿಂತ ಅಗ್ಗದ್ದು ಇಲ್ಲ.

ಹುಟ್ಟಿದ ಒಂದು ತಾಸಿನೊಳಗೆ ಎದೆಹಾಲು ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆದವು. ಒಂದು ತಾಸಿನೊಳಗೆ ಎದೆಹಾಲು ಸಿಕ್ಕ ಮಕ್ಕಳು ಶೇ 41.8 ಮಾತ್ರ. ಅಂದರೆ ಅಜ್ಜಿಯ ನಂಬಿಕೆಯನ್ನೇ ಬೈದು ಕೂರುವಂತಿಲ್ಲ. ವೈದ್ಯರು, ದಾದಿಯರು ಪಕ್ಕದಲ್ಲೇ ಇರುವ ಕಡೆಯೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆ ಮೊದಲ ತಾಸು ತಪ್ಪುತ್ತಿದೆ. ಸಿಸೇರಿಯನ್ನಿನ ನೋವು, ತಾಯಿಯನ್ನೂ ಮಗುವನ್ನೂ ಬೇರೆ ಬೇರೆ ಕೋಣೆಗೆ ಸಾಗಿಸುವ ಪರಿಪಾಠ, ಗದ್ದಲ, ಕೈ ಸಾಲದ ದಾದಿಯರು - ಕಾರಣಗಳು ಹಲವು. ಇವುಗಳಲ್ಲಿ ಯಾವುದಕ್ಕೂ ಸತ್ತೆ ಬೀಳಲಿ ಎಂದು ಕಾಯುವ ರೈತನ ನಂಬಿಕೆಯಷ್ಟು ಹಳೆಯ ಬೇರಿಲ್ಲ.

ತಾಯಿ ಕೊಟ್ಟ ಈ ರಕ್ಷಣೆ ಕಡ ತಂದ ಅಕ್ಕಿಯ ಹಾಗೆ. ಇರುವಷ್ಟು ದಿನ ಅನ್ನ, ಆಮೇಲೆ ತಾನೇ ಬೆಳೆದುಕೊಳ್ಳಬೇಕು. ಈ ಭೇದವನ್ನು ಸರಿಯಾಗಿ ಹಿಡಿದುಕೊಂಡರೆ ಲಸಿಕೆಯ ಲೆಕ್ಕವೆಲ್ಲ ತಿಳಿಯಾಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸಂಸ್ಥಾನದವರು ಒಂದು ಸೀರಂ ಸಂಸ್ಥೆಯನ್ನು ತೆರೆದರು. ದನಗಳನ್ನು ಹಿಂಡುಹಿಂಡಾಗಿ ಹೊತ್ತೊಯ್ಯುತ್ತಿದ್ದ ದೊಡ್ಡರೋಗಕ್ಕೆ ಅಲ್ಲಿ ತಯಾರಾಗುತ್ತಿದ್ದ ಮದ್ದು ರೋಗ ಗೆದ್ದ ಪ್ರಾಣಿಯ ರಕ್ತದಿಂದ ತೆಗೆದ ತಿಳಿ, ಅಂದರೆ ಸಿದ್ಧ ಪ್ರತಿಕಾಯ. ಗಿಣ್ಣು ಬಾಯಿಯಿಂದ ಮಾಡುವ ಕೆಲಸವನ್ನೇ ಅದು ಸೂಜಿಯಿಂದ ಮಾಡುತ್ತಿತ್ತು. ಪರಿಣಾಮ ತಕ್ಷಣ, ಆದರೆ ಬಾಳಿಕೆ ಕಡಿಮೆ. ದುರ್ಬಲಗೊಳಿಸಿದ ರೋಗಾಣುವನ್ನೇ ಚುಚ್ಚಿ ಪ್ರಾಣಿಯ ಮೈ ತಾನಾಗಿ ಪ್ರತಿಕಾಯ ತಯಾರಿಸುವಂತೆ ಮಾಡುವ ಲಸಿಕೆ ಬಂದ ಮೇಲೆಯೇ ದೊಡ್ಡರೋಗದ ಕಥೆ ಮುಗಿಯತೊಡಗಿದ್ದು. ಭಾರತದಲ್ಲಿ ಅದು ಕೊನೆಗೆ ಕಂಡದ್ದು 1995ರಲ್ಲಿ. 2011ರಲ್ಲಿ ಜಗತ್ತಿನಿಂದಲೇ ಅಳಿಯಿತೆಂದು ಸಾರಲಾಯಿತು. ಸಿಡುಬಿನ ಬಳಿಕ ಮನುಷ್ಯ ನಿರ್ಮೂಲ ಮಾಡಿದ ಎರಡನೆಯ ರೋಗ ಅದು.

ಕಡ ತಂದ ಅಕ್ಕಿ ಇನ್ನೂ ಮಡಕೆಯಲ್ಲಿರುವಾಗ ಲಸಿಕೆ ಹಾಕಿದರೆ ಒಂದು ಪೇಚಾಟವಿದೆ. ತಾಯಿಯ ಪ್ರತಿಕಾಯಗಳೇ ಲಸಿಕೆಯ ರೋಗಾಣುವನ್ನು ಹೊಡೆದುಹಾಕಿ, ಎಳೆಯ ಮೈಗೆ ಪಾಠ ಕಲಿಯುವ ಅವಕಾಶವನ್ನೇ ತಪ್ಪಿಸುತ್ತವೆ. ದಡಾರದ ಮೊದಲ ಚುಚ್ಚುಮದ್ದನ್ನು ನಮ್ಮಲ್ಲಿ ಮಗುವಿಗೆ 9 ತಿಂಗಳು ತುಂಬಿದ ಮೇಲೆ ಹಾಕುವುದು ಇದಕ್ಕೇ. ಕರುವಿಗೆ ಕಾಲುಬಾಯಿ ರೋಗದ ಮೊದಲ ಲಸಿಕೆಯನ್ನು 4 ತಿಂಗಳಿಗೆ ಹಾಕಿಸಬೇಕೆನ್ನುವುದರ ಹಿಂದೆಯೂ ಈ ಎಣಿಕೆಯಿದೆ. ಆಮೇಲೆ ಒಂದು ತಿಂಗಳಿಗೆ ಇನ್ನೊಂದು ಚುಚ್ಚು, ಮುಂದೆ ಆರಾರು ತಿಂಗಳಿಗೊಮ್ಮೆ. ಗಳಲೆ ರೋಗ, ಚಪ್ಪೆ ರೋಗಗಳ ಲಸಿಕೆ 6 ತಿಂಗಳಿಗೆ. ‘ಕರು ಇನ್ನೂ ಚಿಕ್ಕದು, ದೊಡ್ಡದಾಗಲಿ ನೋಡೋಣ’ ಎಂದು ಲಸಿಕೆಯವರನ್ನು ಹಿಂದಕ್ಕೆ ಕಳುಹಿಸುವವರು ಒಂದು ಮಾತು ತಿಳಿದಿರಬೇಕು. ಕಾಲುಬಾಯಿ ರೋಗ ದೊಡ್ಡ ದನವನ್ನು ಕುಂಟಿಸಿ, ಹಾಲು ಬತ್ತಿಸಿ ಬಿಡಬಹುದು. ಎಳೆಗರುವಿನಲ್ಲಿ ಅದು ನೇರ ಹೃದಯದ ಸ್ನಾಯುವಿಗೆ ಇಳಿಯುತ್ತದೆ. ಹಾಗೆ ಸತ್ತ ಕರುವಿನ ಎದೆ ಸೀಳಿ ನೋಡಿದರೆ ಹೃದಯದ ಮೇಲೆ ಹುಲಿಯ ಮೈಯಂತಹ ಪಟ್ಟೆಗಳು ಕಾಣುವುದರಿಂದ ಪಶುವೈದ್ಯರು ಅದಕ್ಕೆ ಹುಲಿಹೃದಯ ಎಂದೇ ಹೆಸರಿಟ್ಟಿದ್ದಾರೆ. 2013ರಲ್ಲಿ ಈ ರೋಗ ಕರ್ನಾಟಕದ ಹಲವು ಜಿಲ್ಲೆಗಳ ಕೊಟ್ಟಿಗೆಗಳನ್ನು ಬರಿದು ಮಾಡಿದ್ದನ್ನು ರೈತರು ಮರೆತಿಲ್ಲ.

ಮರಿಗೆ ಲಸಿಕೆ ಹಾಕಲು ಕಾಯಬೇಕಾದರೆ ಅಲ್ಲಿಯವರೆಗಿನ ಗತಿ? ಉತ್ತರ ತಾಯಿಯಲ್ಲಿದೆ. ಬಸುರಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕುವುದು ಅವಳಿಗಾಗಿ ಎಷ್ಟೋ, ಹುಟ್ಟಲಿರುವ ಮಗುವಿಗಾಗಿಯೂ ಅಷ್ಟೇ. ಅವಳ ಮೈ ತಯಾರಿಸಿದ ಪ್ರತಿಕಾಯ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ. ಈನುವ ಮುಂಚಿನ ತಿಂಗಳಲ್ಲಿ ಕುರಿಗೆ ಕರುಳುಬೇನೆಯ ಲಸಿಕೆ ಹಾಕಿಸುವ ಕುರಿಗಾಹಿ ಮಾಡುವುದೂ ಇದನ್ನೇ, ದಾರಿಯೊಂದೇ ಬೇರೆ. ಅಲ್ಲಿ ರಕ್ಷಣೆ ಗಿಣ್ಣಿನ ಮೂಲಕ ಹೋಗಬೇಕು. ಆದ್ದರಿಂದ ಕುರಿಗೆ ಲಸಿಕೆ ಹಾಕಿಸಿ ಮರಿಗೆ ಗಿಣ್ಣು ತಪ್ಪಿಸಿದರೆ ಲಸಿಕೆಯ ಫಲ ಮರಿಯವರೆಗೆ ಮುಟ್ಟುವುದಿಲ್ಲ.

ಧನುರ್ವಾಯುವಿನ ಮಾತು ಬಂತು. ಅದರ ರೋಗಾಣು ದನ, ಕುದುರೆಗಳ ಕರುಳಿನಲ್ಲಿ ಬಾಳಿ ಸಗಣಿ, ಲದ್ದಿಯ ಮೂಲಕ ಮಣ್ಣಿಗೆ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು, ಗಾಯಕ್ಕೆ ಬೂದಿ, ಸಗಣಿ ಮೆತ್ತುತ್ತಿದ್ದ ಕಾಲದಲ್ಲಿ ಹುಟ್ಟಿದ ವಾರದೊಳಗೆ ಬಾಯಿ ಕಚ್ಚಿಕೊಂಡು ಸೆಟೆದು ಸಾಯುತ್ತಿದ್ದ ಶಿಶುಗಳಿಗೆ ಲೆಕ್ಕವಿರಲಿಲ್ಲ. ಬಸುರಿಯರ ಚುಚ್ಚುಮದ್ದು, ಹೊಸ ಬ್ಲೇಡು, ತೊಳೆದ ಕೈ ಇಷ್ಟರಿಂದಲೇ ಅದು ಎಷ್ಟು ಇಳಿಯಿತೆಂದರೆ, ನವಜಾತ ಶಿಶುಗಳ ಧನುರ್ವಾಯು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ಭಾರತ 2015ರಲ್ಲಿ ಮಾನ್ಯತೆ ಪಡೆಯಿತು. ಮಗುವಿನ ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡುವುದೇ ಒಳ್ಳೆಯದು. ಸಗಣಿಯ ಮೇಲೆಯೇ ಮಲಗುವ ಕರುವಿಗೆ ಹಾಗೆ ಬಿಡಲಾಗದು. ಅದರ ಹೊಕ್ಕುಳಬಳ್ಳಿಯ ತುದಿಯನ್ನು ಟಿಂಚರ್ ಅಯೋಡಿನ್ನಿನಲ್ಲಿ ಅದ್ದಬೇಕು. ಅದ್ದದಿದ್ದರೆ ಕೀವು ಹೊಕ್ಕುಳಿನಿಂದ ರಕ್ತಕ್ಕೂ ಅಲ್ಲಿಂದ ಮೊಣಕಾಲಿಗೂ ಇಳಿದು, ಕೀಲು ಬಾತ ಕರು ಮೇಲೇಳದಂತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಬೇಧಿ ಬಂದೇಬಿಟ್ಟರೆ ಕೊಲ್ಲುವುದು ರೋಗಾಣುವಿಗಿಂತ ಹೆಚ್ಚಾಗಿ ನೀರು, ಉಪ್ಪುಗಳ ನಷ್ಟ. ಸಕ್ಕರೆಯ ಜತೆ ಸೇರಿದ ಉಪ್ಪನ್ನು ಬೇಧಿಯಾಗುತ್ತಿರುವ ಕರುಳೂ ಹೀರಿಕೊಳ್ಳುತ್ತದೆಂಬ ತಿಳಿವನ್ನು ದಿಲೀಪ್ ಮಹಲನಾಬಿಸ್ 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಒರೆಗೆ ಹಚ್ಚಿದರು. ಕಾಲರಾ ಹಬ್ಬಿ ನಾಳಕ್ಕೆ ಏರಿಸುವ ದ್ರಾವಣ ಮುಗಿದುಹೋದಾಗ ಡ್ರಮ್ಮುಗಳಲ್ಲಿ ಉಪ್ಪು, ಗ್ಲೂಕೋಸು, ಅಡುಗೆಸೋಡಾ ಕಲಸಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಮನೆಯಲ್ಲಿ 1 ಲೀಟರ್ ಶುದ್ಧ ನೀರಿಗೆ ಅರ್ಧ ಟೀಚಮಚ ಉಪ್ಪು, 6 ಟೀಚಮಚ ಸಕ್ಕರೆ, ಚಮಚದ ತಲೆ ಸವರಿ ಹಾಕಿದರೆ ಮಗುವಿಗೆ ಸಾಕು. ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಕರುವಿನ ಬೇಧಿಗೂ ಇದೇ ತತ್ತ್ವದ ಪುಡಿ ಪಶು ಆಸ್ಪತ್ರೆಗಳಲ್ಲಿ ಸಿಗುತ್ತದೆ. ಬೇಧಿಯೆಂದು ಹಾಲು ನಿಲ್ಲಿಸಬಾರದೆಂಬುದೂ ಇಬ್ಬರಿಗೂ ಒಂದೇ. ಕರುವಿನ ಬೇಧಿ ಬಳಿದವರು ಸೋಪಿನಿಂದ ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು. ಎರಡು ಮನೆಯಲ್ಲೂ ಉಣ್ಣುವ ರೋಗಾಣುಗಳು ಕೆಲವಿವೆ.

ತಾಯಿಹಾಲನ್ನು ಹೊಗಳುವಾಗ ಅದರ ಒಂದು ಕಳಂಕವನ್ನೂ ಹೇಳಿಬಿಡಬೇಕು. ಎಮ್ಮೆಗರುಗಳನ್ನು ಸೊರಗಿಸುವ ದೊಡ್ಡ ಜಂತುಹುಳು ಬರುವುದು ಮೇವಿನಿಂದಲ್ಲ, ತಾಯಿಯ ಹಾಲಿನಿಂದ. ಎಮ್ಮೆಯ ಮೈಯಲ್ಲಿ ಮಲಗಿದ್ದ ಮರಿಹುಳುಗಳು ಕರು ಹುಟ್ಟಿದಾಗ ಎಚ್ಚೆತ್ತು ಕೆಚ್ಚಲಿಗೆ ಬರುತ್ತವೆ. ಹಾಗೆಂದು ಹಾಲು ತಪ್ಪಿಸುವುದು ಮದ್ದಲ್ಲ. ಎರಡನೆಯ ವಾರದ ಹೊತ್ತಿಗೆ ಪಶುವೈದ್ಯರನ್ನು ಕೇಳಿ ಜಂತಿನ ಔಷಧಿ ಕುಡಿಸಿದರೆ ಮುಗಿಯಿತು.

ಇನ್ನು ಬಿದ್ದ ಸತ್ತೆಯ ಗತಿ. ಮೂಟೆ ಕಟ್ಟಿ ಊರಾಚೆಯ ಆಲದ ಮರಕ್ಕೆ ತೂಗುಹಾಕುವುದು ನಮ್ಮ ಕಡೆಯ ಪದ್ಧತಿ. ಹಾಲು ಸುರಿಸುವ ಮರವಾದ್ದರಿಂದ ಹಸುವೂ ಹಾಗೆಯೇ ಹಾಲು ಕೊಡಲಿ ಎಂಬ ಆಶಯ. ನಾಯಿಯ ಬಾಯಿಗೆ ಬೀಳದಂತೆ ಎತ್ತರದಲ್ಲಿಡುವ ವಿವೇಕವೂ ಅದರಲ್ಲಿ ಉಂಟು. ಆದರೆ ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲಾ ಸೋಂಕಿರುವ ಹಸುವಿನ ಸತ್ತೆಯಲ್ಲಿ ಆ ರೋಗಾಣು ಕೋಟಿಗಟ್ಟಲೆ ಇರುತ್ತದೆ. ಬರಿಗೈಯಲ್ಲಿ ಅದನ್ನು ಬಾಚಿ ಕಟ್ಟುವವರಿಗೆ, ಹಸಿಹಾಲು ಕುಡಿಯುವವರಿಗೆ ಅದು ತಗಲಿ, ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವುಗಳಲ್ಲಿ ತಿಂಗಳುಗಟ್ಟಲೆ ಕಾಡುತ್ತದೆ. ಕೈಗೆ ಚೀಲ ಸುತ್ತಿಕೊಂಡು ಎತ್ತಿ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು ಮೇಲು. ಈ ರೋಗದ ಲಸಿಕೆ 4ರಿಂದ 8 ತಿಂಗಳ ಒಳಗಿನ ಹೆಣ್ಣುಕರುವಿಗೆ, ಜನ್ಮದಲ್ಲಿ ಒಮ್ಮೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಪುಕ್ಕಟೆ.

ಲಸಿಕೆಗೆ ಇಂಗ್ಲಿಷಿನವರು ಇಟ್ಟ ಹೆಸರು ಹಸು ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಎಡ್ವರ್ಡ್ ಜೆನ್ನರ್ 1796ರಲ್ಲಿ ಸಿಡುಬಿಗೆ ತಡೆ ಕಂಡದ್ದು ಹಸುವಿನ ಕೆಚ್ಚಲಿನ ಗುಳ್ಳೆಯ ರೋಗದಲ್ಲಿ. ನಮ್ಮ ಹಿರಿಯರ ತೋಳಿನ ಮೇಲೆ ಉಳಿದಿರುವ ‘ದೇವಿ ಹಾಕಿಸಿದ’ ಕಲೆಗಳ ಹಿಂದೆ ಇದ್ದವರು ಕರುಗಳು. ಕರು, ಎಮ್ಮೆಗರುಗಳ ಚರ್ಮ ಗೀರಿ, ಅದರ ಮೇಲೆ ಬೆಳೆಸಿದ ಗುಳ್ಳೆಗಳಿಂದ ಆ ಮದ್ದು ತೆಗೆಯುತ್ತಿದ್ದರು. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಬೆಳಗಾವಿಯ ಜಾಗವನ್ನು ಊರವರು ಇಂದಿಗೂ ವ್ಯಾಕ್ಸಿನ್ ಡಿಪೊ ಎಂದೇ ಕರೆಯುತ್ತಾರೆ. ಭಾರತ ಸಿಡುಬಿನಿಂದ ಮುಕ್ತವಾಯಿತೆಂದು 1977ರಲ್ಲಿ ಪ್ರಮಾಣೀಕರಿಸಿದ ಮೇಲೆ ಆ ಕರುಗಳನ್ನು ನೆನೆದವರು ಕಡಿಮೆ.

ತಾಯಿ ಸತ್ತ ಕರುವಿಗೆ, ಕೆಚ್ಚಲುಬಾವಾದ ಹಸುವಿನ ಕರುವಿಗೆ ಏನು ದಾರಿ? ಹಾಲಿಗೆ ಕೋಳಿಮೊಟ್ಟೆ, ಹರಳೆಣ್ಣೆ ಬೆರೆಸಿ ಕುಡಿಸುವ ಸಲಹೆ ಹಳೆಯ ಕರಪತ್ರಗಳಲ್ಲಿದೆ. ಅದರಿಂದ ಪುಷ್ಟಿ ಸಿಕ್ಕೀತು, ಪ್ರತಿಕಾಯ ಸಿಗದು. ಅದೇ ದಿನ ಕರು ಹಾಕಿದ ಬೇರೆ ಹಸುವಿನ ಗಿಣ್ಣೇ ಆಗಬೇಕು. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ತಾಯಿಹಾಲಿನ ಬ್ಯಾಂಕು ಆರಂಭವಾದದ್ದು ಇಂಥದೇ ಕಷ್ಟದಲ್ಲಿರುವ ಶಿಶುಗಳಿಗಾಗಿ. ಅಂತಹ ಬ್ಯಾಂಕುಗಳಲ್ಲಿ ದಾನದ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ತಾಸು ಕಾಯಿಸುತ್ತಾರೆ. ರೋಗಾಣು ಸಾಯುತ್ತದೆ, ಪ್ರತಿಕಾಯಗಳಲ್ಲಿ ಸಾಕಷ್ಟು ಪಾಲು ಉಳಿಯುತ್ತದೆ. ಕರುವಿನ ಬ್ಯಾಂಕಿಗೆ ಮನೆಯ ಫ್ರಿಜ್ಜಿನ ಮಂಜುಗಡ್ಡೆಯ ಖಾನೆಯೇ ಸಾಕು. ಹೆಚ್ಚು ಹಾಲಿನ ಹಸು ಕರು ಹಾಕಿದಾಗ ಮಿಕ್ಕ ಮೊದಲ ಕರೆತವನ್ನು ಒಂದೊಂದು ಲೀಟರಿನ ಬಾಟಲಿಗಳಲ್ಲಿ ತುಂಬಿ, ತಾರೀಖು ಬರೆದು ಗಡ್ಡೆಗಟ್ಟಿಸಿ ಇಟ್ಟುಕೊಳ್ಳುವ ಹೈನುಗಾರರಿದ್ದಾರೆ. ಬೇಕಾದಾಗ ಬಾಟಲಿಯನ್ನು ಕೈ ತಾಳುವಷ್ಟು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ ಕರಗಿಸಬೇಕು. ಒಲೆಯ ಮೇಲಿಟ್ಟರೆ ಬಾಟಲಿಯಲ್ಲೇ ಗಿಣ್ಣಾಗಿ ಕೂರುತ್ತದೆ.